ಅಜ್ಜನ ಜೋಡುನಳಿಗೆ ಕೋವಿ ಎಲ್ಲಿ ಹುಟ್ಟಿದ್ದು? ಮೇಲಿನ ಹೆಸರಲ್ಲ, ಅಡಿಯ ಮುದ್ರೆ ಓದ್ಬೇಕು

ಪ್ರಶ್ನೆ: ಸರ್, ನಾನು ಬೆಂಗಳೂರು ವಿಜಯನಗರದಲ್ಲಿರೋದು, ನಮ್ಮ ಮೂಲ ಮನೆ ಮೂಡಿಗೆರೆ ಕಡೆ. ಅಜ್ಜನ ಕಾಲದ ಜೋಡುನಳಿಗೆ ಕೋವಿ ಒಂದಿದೆ, ಈಗ ದೊಡ್ಡಪ್ಪನ ಹೆಸರಲ್ಲಿ ಲೈಸೆನ್ಸ್ ಇದೆ. ಹೊರಗಡೆ ಎರಡು ಕುದುರೆ (ತೋಟಾಗೆ ಬಡಿಯೋ ಹ್ಯಾಮರ್), ನಳಿಗೆ ಮೇಲೆಲ್ಲಾ ನೀರಿನ ಅಲೆ ಥರ ಗೆರೆಗಳು, ಮಧ್ಯದ ಪಟ್ಟಿ ಮೇಲೆ "ಪಿ. ಓರ್ ಅಂಡ್ ಸನ್ಸ್, ಮದ್ರಾಸ್ ಅಂಡ್ ರಂಗೂನ್" ಅಂತ ಇಂಗ್ಲಿಷಲ್ಲಿ ಕೆತ್ತಿದ್ದಾರೆ. ದೊಡ್ಡಪ್ಪ ಲಂಡನ್ ಮೇಕ್ ಅಂತಾರೆ, ಚಿಕ್ಕಪ್ಪ ಮೈಸೂರು ಮಹಾರಾಜರು ಕೊಟ್ಟಿದ್ದು ಅಂತಾರೆ, ಅಜ್ಜಿ ಹೇಳ್ತಿದ್ದಿದ್ದು ಎಸ್ಟೇಟ್ ಬಿಟ್ಟು ಹೋದ ದೊರೆ ಕೊಟ್ಟಿದ್ದು ಅಂತ. ಇಲ್ಲಿ ಒಬ್ಬರಿಗೆ ಫೋಟೋ ತೋರಿಸಿದ್ರೆ ಬೆಲ್ಜಿಯಂದು, ಗುಜರಿ ಅಂದ್ಬಿಟ್ರು. ದೊಡ್ಡಪ್ಪನಿಗೆ ವಯಸ್ಸಾಯ್ತು, ಸರೆಂಡರ್ ಮಾಡ್ಬಿಡ್ತೀನಿ ಅಂತಿದ್ದಾರೆ. ಅದಕ್ಕಿಂತ ಮುಂಚೆ ಇದು ಎಲ್ಲಿಂದ ಬಂತು, ಯಾವ ಕಾಲದ್ದು ಅಂತ ತಿಳ್ಕೋಬೇಕು. ಹೊಡೆಯೋಕೆ ಆಗತ್ತಾ ಅಂತಾನೂ ಹೇಳಿ. ಫೋಟೋಗಳು ಕಳ್ಸಿದ್ದೀನಿ.

ಉತ್ತರ:

ನಮಸ್ಕಾರ ಮೇಡಂ. ಮೊದಲು ನೇರ ಉತ್ತರ ಕೊಟ್ಬಿಡ್ತೀನಿ. ನಿಮ್ಮ ಕೋವಿ ಲಂಡನ್‌ದಲ್ಲ, ಬೆಲ್ಜಿಯಂದೂ ಅಲ್ಲ. ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರಲ್ಲಿ ಪರೀಕ್ಷೆ ಆಗಿ ಪಾಸಾದ ಕೋವಿ, ಕಾಲ 1887ರಿಂದ 1904ರ ಒಳಗೆ. ಮದ್ರಾಸಿನಲ್ಲಿ ಮಾರಾಟ ಆಗಿದ್ದು. ಗುಜರಿ ಅಂದವರ ಮಾತು ದಯವಿಟ್ಟು ತಲೆಗೆ ಹಾಕ್ಕೋಬೇಡಿ, ಹಾಗಂತ ಅದರಲ್ಲಿ ಈಗಿನ ತೋಟಾ ಹಾಕಿ ಹೊಡೆಯೋ ಯೋಚನೆನೂ ಮಾಡ್ಬೇಡಿ. ಇದನ್ನೆಲ್ಲ ಹೇಗೆ ಹೇಳ್ತಿದ್ದೀನಿ ಅಂತ ಸ್ವಲ್ಪ ಬಿಡಿಸಿ ಬರೀತೀನಿ, ಯಾಕಂದ್ರೆ ಹಳೇ ಮೈಸೂರು, ಮಲೆನಾಡು, ಕೊಡಗು ಕಡೆ ಮನೆಗಳಲ್ಲಿ ಇಂಥಾ ಕೋವಿಗಳು ತುಂಬಾ ಇವೆ, ಎಲ್ಲರೂ ತಪ್ಪು ಜಾಗ ನೋಡಿನೇ ಮೂಲ ಹೇಳ್ತಾರೆ.

ತಪ್ಪು ಜಾಗ ಅಂದ್ರೆ ಆ ಮಧ್ಯದ ಪಟ್ಟಿ. ಎರಡು ನಳಿಗೆ ನಡುವೆ ಉದ್ದಕ್ಕೆ ಹೋಗೋ ಪಟ್ಟಿಗೆ ರಿಬ್ ಅಂತಾರೆ, ಅದರ ಮೇಲೆ ಚೆಂದ ಅಕ್ಷರದಲ್ಲಿ ಹೆಸರು ಇರತ್ತೆ, ಎಲ್ಲರ ಕಣ್ಣು ಮೊದಲು ಅಲ್ಲಿಗೇ ಹೋಗತ್ತೆ. ಆದ್ರೆ ಆ ಹೆಸರು ಬಹಳ ಸಲ ಮಾಡಿದವರದ್ದಲ್ಲ, ಮಾರಿದವರದ್ದು. ಚಿಕ್ಕಪೇಟೆಲಿ ಸೀರೆ ತಗೊಂಡ್ರೆ ಡಬ್ಬದ ಮೇಲೆ ಚಿಕ್ಕಪೇಟೆ ಅಂಗಡಿ ಹೆಸರೇ ಇರತ್ತಲ್ವಾ, ನೇಯ್ದಿದ್ದು ಮಾತ್ರ ಮೊಳಕಾಲ್ಮೂರಲ್ಲೋ ಇಳಕಲ್ಲಲ್ಲೋ, ಇದೂ ಹಾಗೇನೇ. ಪಿ. ಓರ್ ಅಂಡ್ ಸನ್ಸ್ ಅನ್ನೋದು ಮದ್ರಾಸಿನ ಮೌಂಟ್ ರೋಡಿನ ದೊಡ್ಡ ಅಂಗಡಿ, 1849ರಲ್ಲಿ ಶುರುವಾಗಿದ್ದು, ಇವತ್ತಿಗೂ ಜನಕ್ಕೆ ಗಡಿಯಾರದ ಅಂಗಡಿ ಅಂತಾನೇ ಗೊತ್ತು. ವಾಚು, ಒಡವೆ, ಬೆಳ್ಳಿ ಸಾಮಾನಿನ ಜೊತೆ ದೊರೆಗಳಿಗೆ, ಜಮೀನ್ದಾರರಿಗೆ, ಎಸ್ಟೇಟಿನವರಿಗೆ ಕೋವಿನೂ ಮಾರ್ತಿದ್ರು. ಕಲ್ಕತ್ತಾದಲ್ಲಿ ಮ್ಯಾಂಟನ್, ಆರ್. ಬಿ. ರೋಡಾ, ಲಯನ್ ಅಂಡ್ ಲಯನ್, ಇವರದ್ದೂ ಇದೇ ವ್ಯಾಪಾರ. ಇಂಗ್ಲೆಂಡಿನ ಕೋವಿ ಮಾಡೋರಿಗೆ ಆರ್ಡರ್ ಕೊಟ್ಟು, ತಮ್ಮ ಹೆಸರು ಕೆತ್ತಿಸ್ಕೊಂಡು, ಹಡಗಲ್ಲಿ ತರಿಸಿ ಮಾರೋದು. ರೋಡಾ ಹೆಸರು ಇತಿಹಾಸದಲ್ಲಿ ಬೇರೆ ಕಾರಣಕ್ಕೂ ಬರತ್ತೆ, 1914ರ ಆಗಸ್ಟಲ್ಲಿ ಬಂಗಾಳದ ಕ್ರಾಂತಿಕಾರಿಗಳು ಎತ್ಕೊಂಡು ಹೋದ 50 ಮೌಸರ್ ಪಿಸ್ತೂಲು ಇದೇ ಅಂಗಡಿಗೆ ಬಂದ ಮಾಲು. ಹಾಗಾಗಿ ನಿಮ್ಮ ಕೋವಿ ಮೇಲಿನ ಹೆಸರು ಸುಳ್ಳಲ್ಲ, ಅದು ಒಂದು ಒಳ್ಳೆ ಸುಳಿವು, ಕೋವಿ ದಕ್ಷಿಣ ಭಾರತಕ್ಕೆ ಯಾವ ಬಾಗಿಲಿಂದ ಬಂತು ಅಂತ ಹೇಳತ್ತೆ. ಹುಟ್ಟಿದ್ದು ಎಲ್ಲಿ ಅನ್ನೋದನ್ನ ಅದು ಹೇಳಲ್ಲ.

ಅದು ಗೊತ್ತಾಗೋದು ನಳಿಗೆಯ ಅಡಿಯಲ್ಲಿ. ಇದಕ್ಕೆ ಕೋವಿ ಬಿಚ್ಚಬೇಕು, ನೀವು ಬಿಚ್ಚಿ ಫೋಟೋ ಕಳ್ಸಿದ್ದೀರಿ, ತುಂಬಾ ಒಳ್ಳೆ ಕೆಲಸ. ಬೇರೆ ಓದುಗರಿಗೋಸ್ಕರ ಹೇಳ್ತೀನಿ, ಲೈಸೆನ್ಸ್ ಇರೋರೇ ಬಿಚ್ಚಲಿ, ಮೊದಲು ಕೋವಿಯನ್ನ ಕೀಲಲ್ಲಿ ಬಗ್ಗಿಸಿ ತೆರೆದು ಎರಡೂ ನಳಿಗೆ ಖಾಲಿ ಅಂತ ಕಣ್ಣಲ್ಲಿ ನೋಡಿ, ಬೆರಳು ಹಾಕಿ ಖಾತ್ರಿ ಮಾಡ್ಕೊಳ್ಳಿ. ವರ್ಷಗಟ್ಲೆ ಅಟ್ಟದ ಮೇಲೆ ಮಲಗಿದ್ದ ಕೋವಿಲಿ ತೋಟಾ ಉಳ್ಕೊಂಡಿರೋದು ಅಪರೂಪ ಏನಲ್ಲ, ಕೇಪಿನ ಕೋವಿ (ನಳಿಗೆ ಬಾಯಿಂದ ಮದ್ದು ತುಂಬೋದು) ಆದ್ರಂತೂ ಒಳಗೆ ಮದ್ದು ತುಂಬಿರೋದು ಹೊರಗಿಂದ ಗೊತ್ತೇ ಆಗಲ್ಲ. ಆಮೇಲೆ ಎಡಗೈ ಹಿಡಿಯೋ ಮುಂದಿನ ಮರದ ತುಂಡು ತೆಗೀಬೇಕು, ನಳಿಗೆ ಕೀಲಿಂದ ಕಳಚ್ಕೊಳತ್ತೆ. ಇಷ್ಟೇ ಸಾಕು. ಸ್ಕ್ರೂ ಯಾವುದನ್ನೂ ಮುಟ್ಟಬೇಡಿ, ಆ ಕಾಲದ ಸ್ಕ್ರೂ ತಲೆಯ ಸೀಳು ಕೂದಲೆಳೆಯಷ್ಟು ಸಣ್ಣ, ನಮ್ಮ ಮನೆ ಸ್ಕ್ರೂಡ್ರೈವರ್ ಹಾಕಿದ ತಕ್ಷಣ ಕಿತ್ತೋಗತ್ತೆ. ನಳಿಗೆಯನ್ನ ತಿರುಗಿಸಿ ಹಿಡಿದ್ರೆ ತೋಟಾ ಹಾಕೋ ಕಡೆ ತುದಿಯಲ್ಲಿ ಎರಡು ಬೆರಳಗಲದ ಚಪ್ಪಟೆ ಜಾಗ ಕಾಣತ್ತೆ, ಮುದ್ರೆ ಎಲ್ಲಾ ಇರೋದು ಅಲ್ಲೇ. ಎಣ್ಣೆ ಜಿಡ್ಡಿದ್ರೆ ಸೀಮೆಎಣ್ಣೆ ಅದ್ದಿದ ಬಟ್ಟೆಲಿ ಮೆತ್ತಗೆ ಒರೆಸಿ, ಟಾರ್ಚನ್ನ ನೇರ ಮೇಲಿಂದ ಹಿಡೀಬೇಡಿ, ಪಕ್ಕದಿಂದ ಓರೆಯಾಗಿ ಹಿಡೀರಿ, ಆಗ ತಗ್ಗಿನ ನೆರಳು ಬಿದ್ದು ಅಕ್ಷರ ಎದ್ದು ಬರತ್ತೆ. ಸವೆದು ಹೋಗಿದ್ರೆ ಸ್ವಲ್ಪ ಟಾಲ್ಕಂ ಪೌಡರ್ ಉಜ್ಜಿ, ಇಲ್ಲಾ ತೆಳು ಕಾಗದ ಇಟ್ಟು ಪೆನ್ಸಿಲ್‌ನಿಂದ ತೀಡಿ.

ಈಗ ನಿಮ್ಮ ಮೂರನೇ ಫೋಟೋ ತೆಗೀರಿ, ಜೊತೇಲಿ ನೋಡೋಣ. ಎರಡೂ ಚಪ್ಪಟೆ ಮೇಲೆ ಅಡ್ಡಡ್ಡ ಇಟ್ಟ ಎರಡು ರಾಜದಂಡ, ಅದರ ಮೇಲೆ ಕಿರೀಟ ಇರೋ ಮುದ್ರೆ ಎರಡೆರಡು ಇದೆ. ಒಂದರ ಸಂದಿಯಲ್ಲಿ ಬಿ, ಪಿ, ಸಿ ಅನ್ನೋ ಇಂಗ್ಲಿಷ್ ಅಕ್ಷರಗಳು, ಇನ್ನೊಂದರಲ್ಲಿ ವಿ ಒಂದೇ. ಇದು ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ ಮುದ್ರೆ, ಅನುಮಾನನೇ ಇಲ್ಲ. ಪ್ರೂಫ್ ಹೌಸ್ ಅಂದ್ರೆ ಸರ್ಕಾರದ ಕಾಯ್ದೆ ಪ್ರಕಾರ ನಡೆಯೋ ಪರೀಕ್ಷಾ ಮನೆ, 1813ರಲ್ಲಿ ಶುರುವಾಯ್ತು. ಯಾರೇ ಕೋವಿ ಮಾಡಿದ್ರೂ ಮಾರೋಕೆ ಮುಂಚೆ ಅಲ್ಲಿಗೋ ಲಂಡನ್ನಿನ ಪ್ರೂಫ್ ಹೌಸಿಗೋ ಕಳಿಸ್ಬೇಕು, ಅವರು ಮಾಮೂಲಿಗಿಂತ ಜಾಸ್ತಿ ಮದ್ದು ತುಂಬಿ ಸುಟ್ಟು ನೋಡ್ತಾರೆ, ನಳಿಗೆ ಸೀಳದೇ ಉಬ್ಬದೇ ಉಳಿದ್ರೆ ಒಂದು ಮುದ್ರೆ, ಆಮೇಲೆ ಕಣ್ಣಲ್ಲಿ ತಪಾಸಣೆ ಮಾಡಿ ಪಾಸಾದ್ರೆ ವಿ ಮುದ್ರೆ. ಈ ರಾಜದಂಡದ ಮುದ್ರೆಗಳು 1813ರಿಂದ 1904ರವರೆಗೆ ಚಾಲ್ತಿಲಿದ್ವು. 1904ರಲ್ಲಿ ಬದಲಾಯಿಸಿ ಕಿರೀಟದ ಕೆಳಗೆ ಬಿವಿ, ಬಿಪಿ, ಎನ್‌ಪಿ ಅಂತ ಹಾಕೋಕೆ ಶುರು ಮಾಡಿದ್ರು. ಅದಕ್ಕೇ ಮೇಲಿನ ಗಡಿ 1904.

ಕೆಳಗಿನ ಗಡಿ ಹೇಗೆ ಬಂತು ಅಂದ್ರೆ ಅಲ್ಲೇ ಪಕ್ಕದಲ್ಲಿ ಒಂದು ವಜ್ರದಾಕಾರದ ಚೌಕ ಇದೆ ನೋಡಿ, ಅದರೊಳಗೆ 12, ಅದರ ಕೆಳಗೆ ಸಿ. ಇದು ತೋಟಾ ಕೂರೋ ಕೋಣೆ 12 ಬೋರಿನದು ಅನ್ನೋ ಗುರುತು, 1887ರ ನಿಯಮದಿಂದ ಬಂದಿದ್ದು. ಎಡ ನಳಿಗೆಯಲ್ಲಿ ಮಾತ್ರ ಚೋಕ್ ಅಂತ ಇಂಗ್ಲಿಷಲ್ಲಿ ಒತ್ತಿದ್ದಾರೆ, ಅಂದ್ರೆ ಆ ನಳಿಗೆ ಬಾಯಿ ಹತ್ರ ಸ್ವಲ್ಪ ಕಿರಿದಾಗತ್ತೆ, ಚರೆ ಹರಡದೇ ದೂರದವರೆಗೆ ಗುಂಪಾಗಿ ಹೋಗ್ಲಿ ಅಂತ. ಈ ಚೋಕ್ ಅನ್ನೋ ಮುದ್ರೆನೂ 1887ರದ್ದೇ. ಅದಕ್ಕಿಂತ ಹಿಂದೆ, 1875ರಿಂದ 1887ರವರೆಗೆ, ಇಂಥಾ ನಳಿಗೆ ಮೇಲೆ "ನಾಟ್ ಫಾರ್ ಬಾಲ್" ಅಂತ ಹಾಕ್ತಿದ್ರು, ಒಂಟಿ ಗುಂಡು ಹಾಕಿ ಹೊಡೀಬೇಡಿ, ಕಿರಿದಾದ ಬಾಯಲ್ಲಿ ಸಿಕ್ಕೊಂಡು ನಳಿಗೆ ಸಿಡಿಯತ್ತೆ ಅನ್ನೋ ಎಚ್ಚರಿಕೆ. ಯಾರ ಮನೇಲಾದ್ರೂ ಈ ಮೂರು ಪದ ಇರೋ ಕೋವಿ ಇದ್ರೆ ಹನ್ನೆರಡು ವರ್ಷದ ಆ ಕಿಟಕಿಯೊಳಗೇ ಅದು ಹುಟ್ಟಿದೆ ಅಂತ ಕಣ್ಮುಚ್ಚಿ ಹೇಳ್ಬಹುದು. ನಿಮ್ಮದರಲ್ಲಿ ಅದಿಲ್ಲ, ಚೋಕ್ ಇದೆ.

ಇನ್ನೊಂದು ಅಂಕಿ, 13, ನಿಮಗೆ ಗೊಂದಲ ಆಗಿರ್ಬಹುದು, 12 ಬೋರ್ ಕೋವಿಲಿ 13 ಯಾಕೆ ಅಂತ. ಬೋರ್ ಲೆಕ್ಕ ಹೇಗಂದ್ರೆ, ಒಂದು ಪೌಂಡು ಸೀಸದಲ್ಲಿ ಒಂದೇ ಅಳತೆಯ 12 ಗುಂಡು ಮಾಡಿದ್ರೆ ಆ ಗುಂಡು ಸರಿಯಾಗಿ ಕೂರೋ ನಳಿಗೆ 12 ಬೋರು, 18.5 ಮಿಲಿಮೀಟರು. ಸಂಖ್ಯೆ ಹೆಚ್ಚಾದಷ್ಟೂ ನಳಿಗೆ ಸಣ್ಣ. ತೋಟಾ ಕೋಣೆ 12ರದ್ದಾದ್ರೂ ಮುಂದಿನ ನಳಿಗೆಯನ್ನ ಸ್ವಲ್ಪ ಬಿಗಿಯಾಗಿ 13ಕ್ಕೆ, ಅಂದ್ರೆ ಸುಮಾರು 18.03 ಮಿಲಿಮೀಟರಿಗೆ ಕೊರೀತಿದ್ರು, ಪ್ರೂಫ್ ಹೌಸಿನವರು ಅಳೆದು ಅದನ್ನೇ ಒತ್ತಿದ್ದಾರೆ. ಈ ಅಂಕಿ ಮುಂದೆ ತುಂಬಾ ಉಪಯೋಗಕ್ಕೆ ಬರತ್ತೆ. ಈಗ ಯಾರಾದ್ರೂ ಒಳ್ಳೆ ಕೋವಿ ರಿಪೇರಿಯವರು ಗೇಜ್ ಹಾಕಿ ಅಳೆದು 18.26 ಮಿಲಿಮೀಟರೋ ಅದಕ್ಕಿಂತ ಜಾಸ್ತಿನೋ ಬಂದ್ರೆ, ನಡುವೆ ಯಾರೋ ತುಕ್ಕು ತೆಗೆಯೋಕೆ ಒಳಗಡೆ ಉಜ್ಜಿ ನಳಿಗೆ ತೆಳ್ಳಗೆ ಮಾಡಿದ್ದಾರೆ ಅಂತರ್ಥ, ಹಳೇ ಪ್ರೂಫ್ ಮುದ್ರೆಗೆ ಆಮೇಲೆ ಬೆಲೆ ಇಲ್ಲ.

ಲಂಡನ್ ಮುದ್ರೆ ಹೇಗಿರತ್ತೆ ಅಂತ ದೊಡ್ಡಪ್ಪನಿಗೂ ಹೇಳಿ. ಕಿರೀಟದ ಕೆಳಗೆ ಜಿ ಮತ್ತು ಪಿ ಹೆಣೆದ ಹಾಗೆ ಒಂದು, ಕಿರೀಟದ ಕೆಳಗೆ ವಿ ಇನ್ನೊಂದು, ರಾಜದಂಡ ಇರಲ್ಲ. ಅಲ್ಲಿನ ಗನ್‌ಮೇಕರ್ಸ್ ಕಂಪನಿ 1637ರದ್ದು, ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿಗಿಂತ ಎಷ್ಟೋ ಹಳೇದು. ಲಂಡನ್ ಮುದ್ರೆಗೆ ಗೌರವ ಜಾಸ್ತಿ ಅಂತ ಬರ್ಮಿಂಗ್‌ಹ್ಯಾಮಿನ ಕೆಲವರು ತಮ್ಮ ಕೋವಿಯನ್ನ ಅಲ್ಲಿಗೆ ಕಳ್ಸಿ ಪ್ರೂಫ್ ಮಾಡಿಸ್ತಿದ್ದಿದ್ದೂ ಉಂಟು, ಹಾಗಾಗಿ ಲಂಡನ್ ಮುದ್ರೆ ಕಂಡ್ರೂ ಲಂಡನ್ ಕೆಲಸ ಅಂತ ಒಂದೇ ಏಟಿಗೆ ಹೇಳೋಕಾಗಲ್ಲ. ನಿಮ್ಮದರಲ್ಲಿ ಆ ತೊಂದರೆ ಇಲ್ಲ, ಎಲ್ಲಾ ಬರ್ಮಿಂಗ್‌ಹ್ಯಾಮೇ.

ಬೆಲ್ಜಿಯಂ ಅಂದವರು ಯಾಕೆ ಹಾಗಂದ್ರು ಅಂತ ನನಗೆ ಅರ್ಥ ಆಗತ್ತೆ. ಆ ನೀರಿನ ಅಲೆ ಥರದ ಗೆರೆ ನೋಡಿ ಅಂದಿರ್ತಾರೆ. ಅದಕ್ಕೆ ಡಮಾಸ್ಕಸ್ ನಳಿಗೆ ಅಂತಾರೆ. ಕಬ್ಬಿಣದ ಪಟ್ಟಿ, ಉಕ್ಕಿನ ಪಟ್ಟಿ ಒಂದರ ಮೇಲೊಂದು ಪೇರಿಸಿ ಕಾಯಿಸಿ ಬೆಸೆದು, ಸರಳು ಮಾಡಿ, ಆ ಸರಳನ್ನ ಹಗ್ಗ ಹೊಸೆದ ಹಾಗೆ ತಿರುಚಿ, ತಿರುಚಿದ ಎರಡು ಮೂರು ಸರಳನ್ನ ಪಕ್ಕಪಕ್ಕ ಸೇರಿಸಿ ಪಟ್ಟಿ ಮಾಡಿ, ಅದನ್ನ ಒಂದು ಕಬ್ಬಿಣದ ಕೋಲಿಗೆ ಸುತ್ತಿ ಸುತ್ತಿ ಬಡಿದು ಬೆಸೆದ್ರೆ ನಳಿಗೆ. ಕೊನೇಲಿ ಆಸಿಡ್ ಹಾಕಿ ತುಕ್ಕು ಬಣ್ಣ ಕೊಟ್ಟಾಗ ಕಬ್ಬಿಣ ಒಂದು ಬಣ್ಣ, ಉಕ್ಕು ಇನ್ನೊಂದು ಬಣ್ಣ ಆಗಿ ಆ ಅಲೆ ಕಾಣತ್ತೆ. ಅದು ಬಣ್ಣ ಬಳಿದಿದ್ದಲ್ಲ, ಲೋಹದ ಮೈಯೇ ಹಾಗೆ. ನಿಮ್ಮ ಐದನೇ ಫೋಟೋದಲ್ಲಿ ಮುಂದಿನ ಮರ ಮುಚ್ಚೋ ಜಾಗ ಹತ್ತಿರದಿಂದ ಕಾಣತ್ತೆ, ಅಲ್ಲಿ ಕೈ ಬೆವರು ತಾಗಿಲ್ಲ, ಗೆರೆ ಇವತ್ತಿಗೂ ಗರಿಗರಿಯಾಗಿದೆ, ಪುಟ್ಟ ಪುಟ್ಟ ಸುರುಳಿ ಮೂರು ಸಾಲಾಗಿ ಓಡಿ, ಸಾಲು ಸಾಲು ಸೇರೋ ಕಡೆ ಸಣ್ಣ ನೇರ ಗೆರೆ. ಮೂರು ಸರಳಿನ ಕೆಲಸ ಅದು, ಒಬ್ಬ ಕಮ್ಮಾರನ ಕೈಗೆ ವರ್ಷಾನುಗಟ್ಲೆ ಅಭ್ಯಾಸ ಇಲ್ಲದೆ ಬರೋದಲ್ಲ. ಇದನ್ನ ಗುಜರಿ ಅನ್ನೋಕೆ ಹೇಗೆ ಮನಸ್ಸು ಬಂತೋ, ನನಗಂತೂ ಬೇಜಾರಾಯ್ತು.

ಬೆಲ್ಜಿಯಂನ ಲೀಜ್ ಊರಿನ ಸುತ್ತ ಈ ಡಮಾಸ್ಕಸ್ ನಳಿಗೆ ಮಾಡೋರು ಬಹಳ ಇದ್ರು, ಅಲ್ಲಿಂದ ಬರೀ ಕೊಳವೆಗಳನ್ನ ಬರ್ಮಿಂಗ್‌ಹ್ಯಾಮಿಗೆ ತರಿಸ್ಕೊಂಡು ಕೋವಿ ಕಟ್ತಿದ್ದಿದ್ದು ಮಾಮೂಲಿ. ಆ ಅರ್ಥದಲ್ಲಿ ನಿಮ್ಮ ನಳಿಗೆಯ ಲೋಹ ಲೀಜ್ ಕಡೆಯದ್ದಾಗಿರೋ ಸಾಧ್ಯತೆ ಇದೆ, ಕೋವಿ ಮಾತ್ರ ಬರ್ಮಿಂಗ್‌ಹ್ಯಾಮಿನದೇ. ಪೂರ್ತಿ ಬೆಲ್ಜಿಯಂ ಕೋವಿ ಆಗಿದ್ರೆ ಚಪ್ಪಟೆ ಮೇಲೆ ಮೊಟ್ಟೆಯಾಕಾರದ ಒಂದು ಮುದ್ರೆ ಇರಬೇಕಿತ್ತು, ಅದರೊಳಗೆ ಇ, ಎಲ್, ಜಿ ಅಕ್ಷರ, ಕೆಳಗೊಂದು ನಕ್ಷತ್ರ, 1893ರಿಂದ ಈಚೆಗೆ ಆ ಮೊಟ್ಟೆ ಮೇಲೆ ಕಿರೀಟ. ಪಕ್ಕದಲ್ಲಿ ಲೀಜ್ ಊರಿನ ಕಂಬದ ಚಿತ್ರ, ಪೆರಾನ್ ಅಂತಾರೆ ಅದಕ್ಕೆ. ಇದು ಯಾವುದೂ ನಿಮ್ಮದರಲ್ಲಿ ಇಲ್ಲ. ಇಲ್ಲಿ ಒಂದು ಎಚ್ಚರಿಕೆ, ನಮ್ಮ ಕಡೆ ಮನೆಗಳಲ್ಲಿ "ಡಬ್ಲ್ಯೂ. ರಿಚರ್ಡ್ಸ್" ಅಂತ ಕೆತ್ತಿದ ಕೋವಿಗಳಿರ್ತವೆ, ಅದನ್ನ ಬರ್ಮಿಂಗ್‌ಹ್ಯಾಮಿನ ಹೆಸರಾಂತ ವೆಸ್ಟ್ಲಿ ರಿಚರ್ಡ್ಸ್ ಅಂದ್ಕೊಂಡು ಲಕ್ಷಗಟ್ಲೆ ಲೆಕ್ಕ ಹಾಕ್ತಾರೆ. ತಿರುಗಿಸಿ ನೋಡಿದ್ರೆ ಅಡಿಯಲ್ಲಿ ಬಹಳ ಸಲ ಇ-ಎಲ್-ಜಿ ಮೊಟ್ಟೆ ಇರತ್ತೆ. ದೊಡ್ಡ ಹೆಸರಿನ ಹತ್ರ ಹತ್ರ ಹೆಸರು ಹಾಕಿ ಅಗ್ಗಕ್ಕೆ ಮಾರೋ ವ್ಯಾಪಾರ ಆಗಲೂ ಜೋರಾಗಿತ್ತು.

ಕುದುರೆ, ಬೀಗ, ಮೇಲಿನ ಲಿವರ್ ಇವುಗಳ ಬಗ್ಗೆ ಜಾಸ್ತಿ ಹೇಳಲ್ಲ. ಹೊರಗೆ ಕುದುರೆ ಇದೆ, ಹೊಡೆದ ಮೇಲೆ ತಾನೇ ಸ್ವಲ್ಪ ಹಿಂದಕ್ಕೆ ಬರತ್ತೆ, ಸೆಂಟರ್‌ಫೈರ್ ತೋಟಾದ್ದು (ತಳದ ಮಧ್ಯಕ್ಕೆ ಏಟು ಬಿದ್ದು ಹತ್ತೋ ತೋಟಾ), ಎಲ್ಲಾ ಆ ಕಾಲಕ್ಕೆ ಹೊಂದತ್ತೆ. ಆದ್ರೆ ಕುದುರೆ ನೋಡಿ ಕಾಲ ಹೇಳೋದು ನಂಬೋ ಹಾಗಿಲ್ಲ. 1875ರಲ್ಲೇ ವೆಸ್ಟ್ಲಿ ರಿಚರ್ಡ್ಸ್ ಕಾರ್ಖಾನೆಯ ಆನ್ಸನ್ ಮತ್ತು ಡೀಲಿ ಕುದುರೆ ಒಳಗೆ ಬಚ್ಚಿಡೋ ಯಂತ್ರ ಕಂಡುಹಿಡಿದ್ರು, ಆದ್ರೂ ಎಸ್ಟೇಟಿನವರು, ಶಿಕಾರಿಯವರು ಕುದುರೆ ಕೋವಿನೇ ಬೇಕು ಅಂತ ದಶಕಗಟ್ಲೆ ತರಿಸ್ಕೊಂಡ್ರು, ಕೋವಿ ಎತ್ತಿದೆಯಾ ಇಳಿದಿದೆಯಾ ಅಂತ ಕತ್ತಲಲ್ಲೂ ಬೆರಳಿಗೆ ಗೊತ್ತಾಗತ್ತಲ್ಲ, ಅದಕ್ಕೆ.

ಬರ್ಮಿಂಗ್‌ಹ್ಯಾಮಲ್ಲಿ ಯಾರು ಮಾಡಿದ್ರು ಅನ್ನೋದು ಮುಂದಿನ ಪ್ರಶ್ನೆ. ಅಲ್ಲಿ ಸೇಂಟ್ ಮೇರಿ ಚರ್ಚಿನ ಸುತ್ತಮುತ್ತ ಗನ್ ಕ್ವಾರ್ಟರ್ ಅಂತ ಒಂದು ಪೇಟೆನೇ ಇತ್ತು, ಒಂದು ಬೀದಿಲಿ ನಳಿಗೆ ಅರೆಯೋನು, ಇನ್ನೊಂದು ಬೀದಿಲಿ ಬೀಗ ಮಾಡೋನು, ಮರ ಕೂರಿಸೋನು, ಹೂ ಬಳ್ಳಿ ಕೆತ್ತೋನು, ಒಂದು ಕೋವಿ ಪೂರ್ತಿ ಆಗೋ ಹೊತ್ತಿಗೆ ಹತ್ತಾರು ಕೈ ದಾಟಿರ್ತಿತ್ತು. ಈ ಕೆಲಸಗಾರರು ತಮ್ಮ ಹೆಸರಿನ ಮೊದಲಕ್ಷರವನ್ನ ನಳಿಗೆ ಅಡಿಯಲ್ಲಿ, ಮರದ ಒಳಗಡೆ ಸಣ್ಣದಾಗಿ ಒತ್ತಿರ್ತಾರೆ. ನಿಮ್ಮ ಫೋಟೋದಲ್ಲಿ ನಳಿಗೆ ಅಡಿಯ ಕೊಕ್ಕೆ ಹತ್ರ ಎರಡು ಅಕ್ಷರದ ಒಂದು ಸಣ್ಣ ಮುದ್ರೆ ಇದೆ, ಮಸುಕಾಗಿದೆ. ಅದು ಸ್ಪಷ್ಟ ಆದ್ರೆ ನಳಿಗೆ ಕೆಲಸದವನ ಹೆಸರಿನವರೆಗೂ ಹೋಗೋಕೆ ದಾರಿ ಸಿಗ್ಬಹುದು. ಜೊತೆಗೆ ಸೀರಿಯಲ್ ನಂಬರ್. ಅದು ನಳಿಗೆ ಮೇಲೆ, ಅದು ಕೂರೋ ಕಬ್ಬಿಣದ ಮೇಲೆ, ಮುಂದಿನ ಮರದ ಕಬ್ಬಿಣದ ಮೇಲೆ, ಮೂರೂ ಕಡೆ ಒಂದೇ ಇರಬೇಕು. ಬೇರೆ ಬೇರೆ ಇದ್ರೆ ಎರಡು ಕೋವಿಯ ಭಾಗ ಸೇರಿಸಿ ಒಂದು ಮಾಡಿದ್ದಾರೆ ಅಂತ. ಪರ್ಡಿ, ಹಾಲೆಂಡ್ ಅಂಡ್ ಹಾಲೆಂಡ್, ವೆಸ್ಟ್ಲಿ ರಿಚರ್ಡ್ಸ್, ರಿಗ್ಬಿ ಇಂಥಾ ಕೋವಿ ಮಾಡೋ ಕಂಪನಿಗಳ ಹೆಸರೇ ರಿಬ್ ಮೇಲೆ ಇದ್ರೆ ಸೀರಿಯಲ್ ನಂಬರ್ ಕೊಟ್ಟು ಕಂಪನಿಗೆ ಬರೆದ್ರೆ ಹಳೇ ಲೆಡ್ಜರ್ ನೋಡಿ ಯಾವ ವರ್ಷ, ಯಾರಿಗೆ ಮಾರಿದ್ದು ಅಂತ ಹೇಳ್ತಾರೆ. ಅಂಗಡಿ ಹೆಸರಿನ ಕೋವಿಗೆ ಅಷ್ಟು ಸುಲಭ ಇಲ್ಲ. ವಿಳಾಸ ಕೆತ್ತಿದ್ರೆ ಅದೂ ಕಾಲ ಹೇಳತ್ತೆ, ಉದಾಹರಣೆಗೆ ಪರ್ಡಿ ಕೋವಿ ಮೇಲೆ ಆಕ್ಸ್‌ಫರ್ಡ್ ಸ್ಟ್ರೀಟ್ ಅಂತಿದ್ರೆ ಅದು 1880ರ ದಶಕದ ಶುರುವಿಗಿಂತ ಹಿಂದಿನದು, ಆಮೇಲೆ ಅವರು ಸೌತ್ ಆಡ್ಲಿ ಸ್ಟ್ರೀಟಿಗೆ ಹೋದ್ರು.

ಬೇರೆ ಥರದ ಕೋವಿ ಇರೋರಿಗೆ ಎರಡು ಮಾತು. 12 ಬೋರ್ ನಳಿಗೆ ಬಾಯಿ ಹತ್ರ ಎರಡು ಇಂಚಿನಷ್ಟು ಮಾತ್ರ ಒಳಗೆ ಸುರುಳಿ ಗೀರು ಇದ್ರೆ ಅದು ಪ್ಯಾರಡಾಕ್ಸ್ ಥರದ್ದು, ಕರ್ನಲ್ ಫಾಸ್ಬರಿ 1885ರಲ್ಲಿ ಪೇಟೆಂಟ್ ಮಾಡಿ ಹಾಲೆಂಡ್ ಅಂಡ್ ಹಾಲೆಂಡ್ ಮಾಡಿ ಮಾರಿದ್ದು, ಚರೆನೂ ಗುಂಡೂ ಎರಡೂ ಹೊಡೀಬಹುದು ಅಂತ ಇಂಡಿಯಾದ ಕಾಡಿಗೆ ಬಹಳ ಬಂತು, ಇದ್ರೆ ಜೋಪಾನ. ರೈಫಲ್ಲಿಗೆ .315 ಬೋರ್ ಇದ್ರೆ ಅದು ಇಂಗ್ಲೆಂಡಿನದು ಅಂತ ವಾದ ಮಾಡ್ಬೇಡಿ, ಬಹುತೇಕ ನಮ್ಮ ಇಶಾಪುರದ ಸರ್ಕಾರಿ ಕಾರ್ಖಾನೆಯದ್ದು. ಅಕ್ಷರ ತಪ್ಪು ತಪ್ಪಾಗಿ, ಮುದ್ರೆ ವಕ್ರವಕ್ರವಾಗಿ ಇದ್ರೆ ಇಂಗ್ಲಿಷ್ ಕೋವಿ ನೋಡಿ ನಮ್ಮವರೇ ಮಾಡಿದ್ದು, ಬಿಹಾರದ ಮುಂಗೇರ್ ಇದಕ್ಕೆ ಹಳೇ ಕಾಲದಿಂದಲೂ ಹೆಸರು. ತೋಟಾ ಹಾಕೋ ಜೋಡುನಳಿಗೆ ತೋರಿಸಿ ಟಿಪ್ಪು ಕಾಲದ್ದು ಅನ್ನೋರೂ ಇದ್ದಾರೆ, ಟಿಪ್ಪು ತೀರ್ಕೊಂಡಿದ್ದು 1799ರಲ್ಲಿ, ಸೆಂಟರ್‌ಫೈರ್ ತೋಟಾ ಬಂದಿದ್ದು 1860ರ ದಶಕದಲ್ಲಿ.

ಮಹಾರಾಜರ ಕಥೆಗೆ ಬರೋಣ. ಅರಮನೆಯಿಂದ ಬಂದ ಕೋವಿ ಅಂತ ಒಪ್ಪೋಕೆ ಏನಾದ್ರೂ ಗುರುತು ಬೇಕು, ಗಂಡಭೇರುಂಡ ಲಾಂಛನವೋ, ಅರಮನೆ ನಂಬರೋ, ಕೊಟ್ಟ ಕಾಗದವೋ. ನೀವು ಕಳ್ಸಿದ ಫೋಟೋಗಳಲ್ಲಿ ಅಂಥದ್ದೇನೂ ಇಲ್ಲ. ಅಜ್ಜಿ ಹೇಳಿದ್ದು ನನಗೆ ಹೆಚ್ಚು ಸರಿ ಅನ್ಸತ್ತೆ. ಮೂಡಿಗೆರೆ, ಸಕಲೇಶಪುರ ಕಡೆ ಕಾಫಿ ತೋಟದ ದೊರೆಗಳು ಮದ್ರಾಸಿನಿಂದ ಸಾಮಾನು ತರಿಸ್ತಿದ್ದಿದ್ದು ಸಹಜ, 1947ರ ಹೊತ್ತಿಗೆ ಈ ಕೋವಿಗೆ ಆಗಲೇ ನಲವತ್ತರಿಂದ ಅರವತ್ತು ವರ್ಷ ಆಗಿರತ್ತೆ, ಊರಿಗೆ ಹೊರಟವರು ಅದನ್ನ ಹೊತ್ಕೊಂಡು ಹೋಗೋ ಬದಲು ನಂಬಿಕಸ್ತರಿಗೆ ಕೊಟ್ಟು ಹೋಗೋದು ನಡೆಯೋ ಮಾತು. ಖಾತ್ರಿ ಮಾಡ್ಕೋಬೇಕಂದ್ರೆ ಹಿಂದಿನ ಮರದ ಕೆಳಗಡೆ ಅಂಚು ನೋಡಿ, ಹೆಬ್ಬೆರಳಿನ ಉಗುರಷ್ಟು ಬೆಳ್ಳಿ ಬಿಲ್ಲೆ ಕೂರಿಸಿರ್ತಾರೆ, ಮೊದಲ ಮಾಲೀಕನ ಹೆಸರಿನ ಅಕ್ಷರ ಅದರ ಮೇಲಿರತ್ತೆ. ಕೋವಿ ಇಡೋ ಪೆಟ್ಟಿಗೆ ಇದ್ರೆ ಮುಚ್ಚಳದ ಒಳಗೆ ಅಂಟಿಸಿದ ಲೇಬಲ್ ನೋಡಿ. ಎಲ್ಲಕ್ಕಿಂತ ಮುಖ್ಯ ಅಜ್ಜನ ಹಳೇ ಲೈಸೆನ್ಸ್. ಅದರಲ್ಲಿ ಡಿಬಿಬಿಎಲ್ (ಹಿಂದಿನಿಂದ ತೋಟಾ ಹಾಕೋ ಜೋಡುನಳಿಗೆ) 12 ಬೋರ್, ನಂಬರ್ ಇಷ್ಟು, ಯಾರಿಂದ ಬಂತು ಅಂತ ಬರೆದಿರೋ ಸಾಧ್ಯತೆ ಇದೆ. ಬೀರುವಿನಲ್ಲಿ ತೋಟದ ಲೆಕ್ಕದ ಪುಸ್ತಕದ ಜೊತೆ ಸೇರ್ಕೊಂಡಿರತ್ತೆ, ಹುಡುಕಿಸಿ.

ಹೊಡೆಯೋ ವಿಷಯ. ನಿಮ್ಮ ನಳಿಗೆ ಮೇಲೆ ಎನ್‌ಪಿ ಮುದ್ರೆ ಇಲ್ಲ, ನೈಟ್ರೋ ಪ್ರೂಫ್ (ಹೊಗೆ ಇಲ್ಲದ ಮದ್ದಿಗೆ ಪರೀಕ್ಷೆ ಆಗಿದೆ ಅನ್ನೋ ಗುರುತು) ಅಂತಾನೂ ಇಲ್ಲ. ಅಂದ್ರೆ ಅದು ಕರಿಮದ್ದಿಗೆ ಮಾತ್ರ ಪರೀಕ್ಷೆ ಆದ ನಳಿಗೆ. ಈಗ ಸಿಗೋ ಖಡ್ಕಿಯ ಶಕ್ತಿಮಾನ್ ಆಗ್ಲಿ ಬೇರೆ ಯಾವುದೇ ಆಗ್ಲಿ, ಹೊಗೆ ಇಲ್ಲದ ಮದ್ದಿನ ತೋಟಾ, ಅದರ ಒತ್ತಡನೇ ಬೇರೆ. ಆ ಕಾಲದ ತೋಟಾ ಕೋಣೆ ಸಾಮಾನ್ಯವಾಗಿ 2½ ಇಂಚು, ಈಗಿನ ತೋಟಾ ಬಹಳಷ್ಟು 2¾ ಇಂಚು, ಬಾಯಿ ಬಿಚ್ಕೊಳ್ಳೋಕೆ ಜಾಗ ಸಾಲದೆ ಒತ್ತಡ ಇನ್ನೂ ಏರತ್ತೆ. ಮೇಲಾಗಿ ಡಮಾಸ್ಕಸ್ ನಳಿಗೆಯ ಬೆಸುಗೆ ಒಳಗೆ ನೂರು ವರ್ಷದ ಮಲೆನಾಡಿನ ಮಳೆಗಾಲದ ತೇವ ಎಲ್ಲೆಲ್ಲಿ ತುಕ್ಕು ಮಾಡಿದೆ ಅಂತ ಹೊರಗೆ ಕಾಣಲ್ಲ. ಸಿಡಿದ್ರೆ ಹೋಗೋದು ಎಡಗೈ ಬೆರಳು, ಕಣ್ಣು. ಹಬ್ಬಕ್ಕೆ ಒಂದು ಈಡು ಹಾರಿಸ್ತೀವಿ ಅಂತ ಚಿಕ್ಕಪ್ಪ ಅಂದ್ರೂ ಒಪ್ಪಬೇಡಿ.

ಕ್ಲೀನ್ ಮಾಡೋ ಆಸೆನೂ ಬೇಡ. ಮರಳು ಕಾಗದ, ತುಕ್ಕಿನ ಆಸಿಡ್, ಬಫಿಂಗ್ ಚಕ್ರ, ಇವು ಮುಟ್ಟಿದ ಕೋವಿಯ ಮುದ್ರೆ, ಅಲೆ ಎರಡೂ ಒಂದೇ ಮಧ್ಯಾಹ್ನದಲ್ಲಿ ಹೋಗತ್ತೆ, ಮತ್ತೆ ಯಾವ ತಜ್ಞನಿಗೂ ಅದರ ಮೂಲ ಹೇಳೋಕೆ ಆಗಲ್ಲ. ತೆಳುವಾಗಿ ಕೋವಿ ಎಣ್ಣೆ, ಮರಕ್ಕೆ ಒಂದೆರಡು ಹನಿ ಅಗಸೆ ಎಣ್ಣೆ ಅಂಗೈಲಿ ತಿಕ್ಕಿ, ಸಾಕು. ವಾರ್ನಿಷ್ ಹೊಡೆಸ್ಬೇಡಿ.

ಕಾನೂನು ವಿಷಯ ಕೊನೆಗೆ ಬರೀತಿದ್ರೂ ಮೊದಲು ಮಾಡ್ಬೇಕಾದ ಕೆಲಸ ಇದೇ. ನೂರು ವರ್ಷ ದಾಟಿದೆ, ಆಂಟಿಕ್, ಲೈಸೆನ್ಸ್ ಬೇಡ ಅಂತ ತುಂಬಾ ಜನ ನಂಬಿದ್ದಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ನಲ್ಲಿ ಹಳೇ ಕಾಲದ ಆಯುಧಕ್ಕೆ ವಿನಾಯಿತಿ ಇರೋದು ನಿಜ, ಆದ್ರೆ ರಿಪೇರಿ ಮಾಡಿದ್ರೂ ಮಾಡದಿದ್ರೂ ಹೊಡೆಯೋಕೆ ಬರದೇ ಇರೋದಕ್ಕೆ ಮಾತ್ರ. ನಿಮ್ಮದು ಕುದುರೆ ಎತ್ತತ್ತೆ, ಬೀಳತ್ತೆ, ಹಾಗಾಗಿ ಲೈಸೆನ್ಸ್ ಬೇಕೇ ಬೇಕು. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ (ವಂಶಪಾರಂಪರ್ಯ ಜಮ್ಮಾ ಜಮೀನು ಇರೋರಿಗೆ) ಇರೋ ವಿನಾಯಿತಿ ಕೊಡಗಿನವರದ್ದು, ಮೂಡಿಗೆರೆಗೆ ಅನ್ವಯ ಆಗಲ್ಲ. ದೊಡ್ಡಪ್ಪ ಸರೆಂಡರ್ ಮಾಡೋಕೆ ಮುಂಚೆ ಇನ್ನೊಂದು ದಾರಿ ಇದೆ ಅಂತ ತಿಳಿಸಿ. 2016ರ ಶಸ್ತ್ರಾಸ್ತ್ರ ನಿಯಮದಲ್ಲಿ ಲೈಸೆನ್ಸುದಾರರಿಗೆ 70 ವರ್ಷ ಆಗಿದ್ರೆ ಅಥವಾ 25 ವರ್ಷದಿಂದ ಕೋವಿ ಅವರ ಹತ್ರ ಇದ್ರೆ, ಅವರು ಇರುವಾಗಲೇ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೊಡೋಕೆ ಅವಕಾಶ ಇದೆ. ಊರಲ್ಲಿರೋ ಅಣ್ಣನೋ ತಮ್ಮನೋ ಆದ್ರೆ ಚಿಕ್ಕಮಗಳೂರು ಜಿಲ್ಲಾಧಿಕಾರಿ ಕಚೇರಿ, ನೀವೇ ತಗೋತೀರಾದ್ರೆ ಇಲ್ಲಿ ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಕಮಿಷನರ್ ಕಚೇರಿ. ಲೈಸೆನ್ಸಲ್ಲಿ ಯುಐಎನ್ ನಂಬರ್ (ಲೈಸೆನ್ಸುದಾರರಿಗೆ ಕೊಡೋ ವಿಶಿಷ್ಟ ಗುರುತಿನ ಸಂಖ್ಯೆ) ಬಂದಿದೆಯಾ ನೋಡಿ. ಪುಸ್ತಕದಲ್ಲಿರೋ ಸೀರಿಯಲ್ ನಂಬರೂ ಕೋವಿ ಮೇಲಿನದೂ ಒಂದೇನಾ ಅಂತ ಈಗಲೇ ತಾಳೆ ಹಾಕಿ, ಹಳೇ ಗುಮಾಸ್ತರು ಎಷ್ಟೋ ಸಲ ಸೀರಿಯಲ್ ಬಿಟ್ಟು ಪೇಟೆಂಟ್ ನಂಬರ್ ಬರ್ಕೊಂಡಿರ್ತಾರೆ, ವರ್ಗಾವಣೆ ಹೊತ್ತಲ್ಲಿ ಅದೇ ದೊಡ್ಡ ತಲೆನೋವು. ಅಲ್ಲೀವರೆಗೂ ಯಾರಿಗಾದ್ರೂ ತೋರಿಸ್ಬೇಕು ಅಂತ ಕಾರಿನ ಡಿಕ್ಕಿಲಿ ಹಾಕ್ಕೊಂಡು ಬೆಂಗಳೂರಿಗೆ ತರ್ಬೇಡಿ, ಲೈಸೆನ್ಸ್ ಇರೋದು ದೊಡ್ಡಪ್ಪನ ಹೆಸರಲ್ಲಿ, ನಿಮ್ಮ ಕೈಲಿ ಸಿಕ್ರೆ ಅದು ಕೇಸು. ವಿದೇಶಕ್ಕೆ ಕಳಿಸೋ ಮಾತೇ ಇಲ್ಲ, ನೂರು ವರ್ಷ ದಾಟಿದ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಗೆ ಬರತ್ತೆ.

ಮುಂದಿನ ಸಲ ಊರಿಗೆ ಹೋದಾಗ ದೊಡ್ಡಪ್ಪನ ಕೈಲೇ ಬಿಚ್ಚಿಸಿ ಮೂರು ಫೋಟೋ ಕಳ್ಸಿ: ಕೊಕ್ಕೆ ಹತ್ರದ ಆ ಎರಡಕ್ಷರದ ಮುದ್ರೆ ಓರೆ ಬೆಳಕಲ್ಲಿ, ಮುಂದಿನ ಮರದ ಕಬ್ಬಿಣದ ಒಳಮೈ, ಹಿಂದಿನ ಮರದ ಕೆಳಗಿನ ಬೆಳ್ಳಿ ಬಿಲ್ಲೆ ಇದ್ರೆ ಅದು. ಬಿಲ್ಲೆ ಮೇಲಿನ ಅಕ್ಷರ ಸಿಕ್ರೆ ನಿಮ್ಮ ಸುತ್ತಿನ ಎಸ್ಟೇಟುಗಳ ಹಳೇ ಮಾಲೀಕರ ಹೆಸರಿನ ಜೊತೆ ಇಟ್ಟು ನೋಡ್ಬಹುದು.